ಹಬ್ಬದ ಮಾರನೇ ದಿನ

ಕಚೇರಿಯೊಳಗೆ ಹಬ್ಬ ನಡೆಯುವುದು ಮಾರನೇ ದಿನ. ರಜೆ ಮುಗಿಸಿ ಬಂದವರು ಮಧ್ಯಾಹ್ನ ಡಬ್ಬಿ ಬಿಚ್ಚುತ್ತಾರೆ. ಒಬ್ಬರದರಲ್ಲಿ ಕಾಯಿ ಹೋಳಿಗೆ, ಇನ್ನೊಬ್ಬರದರಲ್ಲಿ ಚಕ್ಕುಲಿ, ಕಜ್ಜಾಯ. ನಮ್ಮ ಕಡೆ ಹೀಗೆ, ನಿಮ್ಮ ಕಡೆ ಹೆಂಗೆ ಅಂತ ಮಾತು ಶುರುವಾಗುತ್ತದೆ. ಹಬ್ಬವಿಲ್ಲದ ವಾರಗಳಲ್ಲಿ ಸೋಮವಾರದ ಮಾತು ಬೇರೆ. ಸಂತೆಯಲ್ಲಿ ಸೊಗಡವರೆ ಬಂದಿದೆಯಂತೆ, ಯಾವುದೋ ಗಾಣದಲ್ಲಿ ಎಣ್ಣೆ ಚೆನ್ನಾಗಿದೆಯಂತೆ, ಮೊಬೈಲಿನಲ್ಲಿ ಒಂದು ಮಲಯಾಳಂ ಪಿಚ್ಚರ್ ಬಂದಿದೆ ನೋಡಲೇಬೇಕಂತೆ. ಇದನ್ನು ಯಾರೂ ತತ್ವಶಾಸ್ತ್ರ ಅನ್ನುವುದಿಲ್ಲ. ಆದರೆ ಮನುಷ್ಯ ಇನ್ನೊಬ್ಬ ಮನುಷ್ಯನ ಜೊತೆ ಏನನ್ನು ಹಂಚಿಕೊಳ್ಳಬಲ್ಲ, ಎಲ್ಲಿಗೆ ಬಂದಾಗ ಅವನ ಕೈ ನಿಲ್ಲುತ್ತದೆ ಎಂಬ ಪ್ರಶ್ನೆ ಈ ಅರ್ಧ ಗಂಟೆಯ ಹರಟೆಯಲ್ಲೇ ಕೂತಿದೆ ಎಂದು ನನಗೆ ಅನ್ನಿಸುತ್ತದೆ.

ನಾನು ಒಂದು ತಾಲ್ಲೂಕು ಮಟ್ಟದ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ನಮ್ಮ ವಂಶದಲ್ಲಿ ಕುರ್ಚಿ ಮೇಲೆ ಕೂತು ಸಂಬಳ ತಗೊಂಡವನು ನಾನೇ ಮೊದಲು. ಆದ್ದರಿಂದ ಕಚೇರಿಯ ಮಾತನ್ನು ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಕಿವಿಗೊಟ್ಟು ಕೇಳುವ ಅಭ್ಯಾಸ ನನಗೆ.

ನಮ್ಮವರು ಕಚೇರಿಗೆ ಹೋದ ಚರಿತ್ರೆ ಹೇಗೆ ಶುರುವಾಯಿತು ನೋಡಿ. 1917ರಲ್ಲಿ ಬಾಬಾಸಾಹೇಬರು ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಅಲ್ಲಿಯ ಜವಾನರು ಫೈಲುಗಳನ್ನು ಅವರ ಮೇಜಿನ ಮೇಲೆ ದೂರದಿಂದ ಎಸೆಯುತ್ತಿದ್ದರು, ಕಚೇರಿಯಲ್ಲಿ ಕುಡಿಯಲು ನೀರಿರಲಿಲ್ಲ. ಹೆಸರು ಮುಚ್ಚಿಟ್ಟು ಇಳಿದುಕೊಂಡಿದ್ದ ಪಾರ್ಸಿ ವಸತಿಗೃಹಕ್ಕೆ ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದರು. ಈಗ ಫೈಲು ಎಸೆಯುವವರಿಲ್ಲ. ಸಂವಿಧಾನದ 17ನೇ ವಿಧಿಯಿದೆ, 1955ರ ಕಾಯಿದೆಯಿದೆ, 1989ರ ಕಾಯಿದೆಯಿದೆ. ಫಿಲ್ಟರಿನ ನೀರು ಎಲ್ಲರಿಗೂ ಒಂದೇ. ಇದು ಸಣ್ಣ ಗೆಲುವೇನಲ್ಲ, ಇದಕ್ಕಾಗಿ ಹೆಣ ಬಿದ್ದಿವೆ. ಆದರೆ ಟಿಫಿನ್ ಡಬ್ಬಿಯ ಮುಚ್ಚಳದ ಒಳಗೆ ಯಾವ ವಿಧಿಯೂ ಹೋಗುವುದಿಲ್ಲ. ಅಲ್ಲಿ ಯಾರೂ 'ನಿನ್ನದು ಬೇಡ' ಅನ್ನುವುದಿಲ್ಲ. 'ಇವತ್ತು ಶನಿವಾರ', 'ಶುಗರ್ ಜಾಸ್ತಿಯಾಗಿದೆ', 'ಈಗ ತಾನೆ ತಿಂದೆ' ಅನ್ನುತ್ತಾರೆ. ಮುಖದಲ್ಲಿ ನಗು ಇರುತ್ತದೆ. ನಗುವಿನ ಮೇಲೆ ಕೇಸು ಹಾಕಲಾದೀತೆ?

ಮೆಕಿಮ್ ಮ್ಯಾರಿಯಟ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಉತ್ತರಪ್ರದೇಶದ ಒಂದು ಹಳ್ಳಿಯಲ್ಲಿ ಕೂತು ಯಾವ ಜಾತಿಯವರು ಯಾರಿಗೆ ಊಟ ಕೊಡುತ್ತಾರೆ, ಯಾರಿಂದ ತಗೊಳ್ಳುತ್ತಾರೆ ಅಂತ ಪಟ್ಟಿ ಮಾಡಿದರು. 1968ರಲ್ಲಿ ಅದು ಅಚ್ಚಾಯಿತು. ಕೊಡುವವನು ಮೇಲೆ, ತಗೊಳ್ಳುವವನು ಕೆಳಗೆ, ಮೇಲುಕೀಳಿನ ಏಣಿಯೆಲ್ಲಾ ಈ ಕೊಡುಕೊಳ್ಳುವಿಕೆಯಲ್ಲೇ ಕಾಣುತ್ತದೆ ಎಂಬುದು ಅದರ ಸಾರ. ನಮ್ಮ ಕೇರಿಯ ಯಾವ ಮುದುಕಿಯನ್ನು ಕೇಳಿದ್ದರೂ ಪಟ್ಟಿಯಿಲ್ಲದೆ ಹೇಳುತ್ತಿದ್ದಳು, ಇರಲಿ. ನನಗೆ ಮುಖ್ಯವಾದ ಮಾತು ಇದು: ಹಂಚಿಕೊಳ್ಳುವುದು ಎಂದರೆ ಕೊಡುವುದು ಎಂದೇ ನಾವು ತಿಳಿದಿದ್ದೇವೆ. ಔದಾರ್ಯ, ದಾನ, ಧರ್ಮ ಎಲ್ಲವೂ ಕೊಡುವ ಕೈಯ ಗುಣಗಳು. ತಗೊಳ್ಳುವ ಕೈಗೆ ನಮ್ಮ ನೀತಿಶಾಸ್ತ್ರದಲ್ಲಿ ಒಂದು ಒಳ್ಳೆಯ ಹೆಸರೂ ಇಲ್ಲ. ಇನ್ನೊಬ್ಬರ ಅಡುಗೆಯನ್ನು ಬಾಯಿಗಿಟ್ಟುಕೊಳ್ಳುವಾಗ ಮನುಷ್ಯ ಸ್ವಲ್ಪ ಬಾಗುತ್ತಾನೆ, ಋಣಿಯಾಗುತ್ತಾನೆ. ಸಾವಿರ ವರ್ಷ ಕೊಟ್ಟೇ ಅಭ್ಯಾಸವಾದವರಿಗೆ ಆ ಬಾಗುವಿಕೆ ಬರದು.

ನಮ್ಮ ಕಚೇರಿಯಲ್ಲಿ ಒಬ್ಬ ಹಿರಿಯ ಮೇಡಂ ಇದ್ದಾರೆ. ಒಳ್ಳೆಯ ಹೆಂಗಸು. ಯುಗಾದಿ ಮಾರನೇ ದಿನ ನನಗೆಂದೇ ಎರಡು ಹೋಳಿಗೆ ಬೇರೆ ಕಟ್ಟಿ ತರುತ್ತಾರೆ, ತುಪ್ಪ ಹಾಕಿ, 'ತಿನ್ನು ಮಗ, ರೂಮಲ್ಲಿ ಒಬ್ಬನೇ ಇರ್ತೀಯ' ಅನ್ನುತ್ತಾರೆ. ಈ ಪ್ರೀತಿ ಸುಳ್ಳೆ? ನಮ್ಮ ಸಂಘಟನೆಯ ಕೆಲವು ಗೆಳೆಯರು ಸುಳ್ಳೇ ಅನ್ನುತ್ತಾರೆ, ಮುಖಕ್ಕೆ ಎಸೆದು ಬಾ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆಕೆಯ ಪ್ರೀತಿ ನಿಜ. ಅದು ನಿಜವಾಗಿರುವುದೇ ಕಷ್ಟ. ಜಾತಿ ಬರೀ ದ್ವೇಷದ ಮೇಲೆ ನಿಂತಿದ್ದರೆ ಇಷ್ಟು ಹೊತ್ತಿಗೆ ಕುಸಿದು ಬೀಳುತ್ತಿತ್ತು. ಅದು ಪ್ರೀತಿಯ ಒಳಗೂ ಕೂತು ಆರಾಮವಾಗಿ ಉಣ್ಣುತ್ತದೆ.

ಒಂದು ದಸರೆ ಕಳೆದ ಮೇಲೆ ಸಾಹೇಬರೇ ಒಂದು ಆಟ ಹೂಡಿದರು. ಆಯುಧಪೂಜೆಗೆ ಜೀಪಿಗೆ, ಕಂಪ್ಯೂಟರಿಗೆ ಕುಂಕುಮ ಬಳಿದು, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿ ಆಗಿತ್ತು. (ಒಡೆದ ಕುಂಬಳವನ್ನು ಬಳಿದು ತೆಗೆದವರು ಯಾರೆಂದು ಬರೆಯಬೇಕಾಗಿಲ್ಲ, ಓದುಗರಿಗೆ ಗೊತ್ತು.) ಎಲ್ಲರೂ ಅವರವರ ಮನೆಯ ಹಬ್ಬದ ಪದ್ಧತಿ ಹೇಳಿ ಅಂದರು. ಗೊಂಬೆ ಕೂರಿಸುವುದು, ಬನ್ನಿ ಕೊಡುವುದು, ಮಾರ್ನಮಿ ಎಡೆ, ಎಲ್ಲಾ ಬಂತು. ನನ್ನ ಸರದಿ ಬಂದಾಗ ನಾನು ನಮ್ಮಜ್ಜಿಯ ಹಬ್ಬ ಹೇಳಿದೆ. ಹಬ್ಬದ ದಿನ ಊರವರ ಊಟವೆಲ್ಲ ಮುಗಿದ ಮೇಲೆ ಅಜ್ಜಿ ಕುಕ್ಕೆ ಹೊತ್ತು ಮನೆ ಮನೆಯ ಹಿತ್ತಿಲ ಬಾಗಿಲಿಗೆ ಹೋಗುತ್ತಿದ್ದಳು. 'ಅವ್ವಾ, ಹಬ್ಬದನ್ನ' ಅಂತ ಕೂಗಬೇಕು. ಮೇಲಿನಿಂದ ಹಾಕುತ್ತಿದ್ದರು. ಹತ್ತು ಮನೆಯ ಹೋಳಿಗೆ, ಪಾಯಸ, ಸಾರು, ಅನ್ನ ಒಂದೇ ಕುಕ್ಕೆಯಲ್ಲಿ ಕಲಸಿಹೋಗುತ್ತಿದ್ದವು. 'ನಮಗೆ ಹಬ್ಬ ಅಂದ್ರೆ ಎಲ್ಲಾ ರುಚೀನೂ ಒಂದೇ ಕಿತ ಬರಾದು ಕಣಪ್ಪ' ಅಂತ ಅಜ್ಜಿ ನಗುತ್ತಾ ಹೇಳುತ್ತಿದ್ದಳು. ನಾನೂ ಅದೇ ಮಾತಿನಲ್ಲಿ ಹೇಳಿದೆ.

ಕೋಣೆ ಸುಮ್ಮನಾಯಿತು. 'ಅದೆಲ್ಲಾ ಹಿಂದಿನ ಕಾಲ ಬಿಡಪ್ಪ, ಈಗೆಲ್ಲಿದೆ' ಅಂದರು ಒಬ್ಬರು. ಮೇಡಂ ಕಣ್ಣು ಒರೆಸಿಕೊಂಡರು. ಮುಂದಿನ ಯುಗಾದಿಗೆ ಆಕೆ ತಂದದ್ದು ಎರಡಲ್ಲ, ನಾಲ್ಕು ಹೋಳಿಗೆ.

ಇಲ್ಲಿ ಒಂದು ನೈತಿಕ ಪ್ರಶ್ನೆಯನ್ನು ಗೆಳೆಯನೊಬ್ಬ ಎತ್ತಿದ. ಸುಮ್ಮನೆ 'ಹಬ್ಬ ಚೆನ್ನಾಗಾಯ್ತು ಸಾರ್' ಅಂದಿದ್ದರೆ ಅದು ಸುಳ್ಳಾಗುತ್ತಿತ್ತೆ? ಕಾಂಟ್ ಎಂಬ ಜರ್ಮನಿಯ ತತ್ವಜ್ಞಾನಿ 1797ರ ಒಂದು ಲೇಖನದಲ್ಲಿ, ಕೊಲೆಗಾರ ಬಂದು ನಿನ್ನ ಗೆಳೆಯ ಎಲ್ಲಿ ಎಂದು ಕೇಳಿದರೂ ಸುಳ್ಳು ಹೇಳಕೂಡದು ಎಂದು ವಾದಿಸಿದ. ಡಿಗ್ರಿಯಲ್ಲಿ ಇದನ್ನು ಓದಿದಾಗ, ಈತನನ್ನು ಯಾರೂ ಬಾಡಿಗೆ ಮನೆ ಹುಡುಕುವಾಗ 'ನೀವು ಯಾವ ಪೈಕಿ' ಅಂತ ಕೇಳಿರಲಿಕ್ಕಿಲ್ಲ ಅಂದುಕೊಂಡಿದ್ದೆ. ಉತ್ತರವನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು ಕೇಳುವ ಪ್ರಶ್ನೆ ಪ್ರಶ್ನೆಯೇ ಅಲ್ಲ. 'ಹಬ್ಬ ಜೋರಾ?' ಎಂದು ಕೇಳುವವರಿಗೆ ನಾವು ಸತ್ಯದ ಸಾಲಗಾರರಲ್ಲ. ಹಾಗಾಗಿ ಸುಮ್ಮನಿರುವ ನಮ್ಮ ಸಾವಿರಾರು ನೌಕರರನ್ನು ಹೇಡಿಗಳೆಂದು ನಾನು ಕರೆಯಲಾರೆ. ಬಡ್ತಿ, ವರ್ಗಾವಣೆ, ಹೆಂಡತಿ ಮಕ್ಕಳು ಅಂತ ಅವರಿಗೆ ನೂರು ಲೆಕ್ಕವಿದೆ. ಸಾಲ ಇರುವುದು ಬೇರೆ ಕಡೆ. ಅಜ್ಜಿ ನಗುತ್ತಾ ಕೊಟ್ಟ ಮಾತನ್ನು ನಾನು ಎಲ್ಲೂ ಇಡದಿದ್ದರೆ ಅದು ನನ್ನೊಳಗೇ ಹಳಸುತ್ತದೆ.

ಸಂತೆಯ ಮಾತೂ ಹೀಗೇ. ಭಾನುವಾರದ ಸಂತೆಯಲ್ಲಿ ನನಗೂ ಒಳ್ಳೊಳ್ಳೆಯದು ಸಿಗುತ್ತದೆ. ಮಳೆಗಾಲದಲ್ಲಿ ಗದ್ದೆ ಏಡಿ, ಹುತ್ತದ ಅಣಬೆ, ಉಪ್ಪು ಹದವಾಗಿ ಹಿಡಿದ ಒಣಮೀನು, ಬೋಟಿ. ಅಣಬೆಯ ಸುದ್ದಿ ಹೇಳಿದರೆ ಎಲ್ಲರೂ ಎಲ್ಲಿ ಎಲ್ಲಿ ಅನ್ನುತ್ತಾರೆ. ಒಣಮೀನು ಅಂದರೆ ನಾಲ್ಕು ಜನ ಮೂಗು ಮುಚ್ಚಿ ನಗುತ್ತಾರೆ. ಬೋಟಿ ಅಂದರೆ ಮಾತು ಬೇರೆ ಕಡೆ ಹೊರಳುತ್ತದೆ. ಇನ್ನೂ ಕೆಲವು ಊಟಗಳ ಹೆಸರು 2021ರ ಜಾನುವಾರು ಹತ್ಯೆ ನಿಷೇಧ ಕಾಯಿದೆ ಬಂದ ಮೇಲೆ ಕೇರಿಯಲ್ಲೇ ಪಿಸುಮಾತಾಗಿವೆ. ವಿಚಿತ್ರವೆಂದರೆ ನಮ್ಮ ಮುಸಲ್ಮಾನ ಸಹೋದ್ಯೋಗಿಯನ್ನು ರಂಜಾನ್ ಕಳೆದ ಮೇಲೆ 'ಏನ್ ಸಾಬ್ರೆ, ಬಿರಿಯಾನಿ ಎಲ್ಲಿ' ಅಂತ ಎದ್ದೆದ್ದು ಕೇಳುತ್ತಾರೆ. ಹಾಸ್ಯವಾದರೂ ಸರಿ, ಕೇಳುತ್ತಾರೆ. ನಮ್ಮ ಮನೆಯ ಊಟವನ್ನು ಹಾಸ್ಯಕ್ಕೂ ಯಾರೂ ಕೇಳಿದ್ದಿಲ್ಲ.

ಬೇಕರಿ ಡಬ್ಬದ ವಿಷಯ ಬೇರೆ. ಕೆಲಸ ಖಾಯಮ್ಮಾದಾಗ ಒಂದು ಕೇಜಿ ಮೈಸೂರು ಪಾಕ್ ತಂದಿಟ್ಟೆ, ಐದು ನಿಮಿಷದಲ್ಲಿ ಖಾಲಿ. ದುಡ್ಡು ಮಾಡಿದ ತಿಂಡಿಗೆ ಕೈಯಿಲ್ಲ, ಕೈಯಿಲ್ಲದ್ದಕ್ಕೆ ಜಾತಿಯಿಲ್ಲ. ಪೇಟೆಯಿಂದ ನಮಗೆ ಬಿಡುಗಡೆ ಸಿಗುತ್ತದೆ ಅನ್ನುವವರು ಈ ಡಬ್ಬವನ್ನು ತೋರಿಸಬಹುದು, ಅದರಲ್ಲಿ ಅರ್ಧ ಸತ್ಯವೂ ಇದೆ. ಆದರೆ ನಮ್ಮವ್ವನ ಕೈ ಮರೆಯಾದ ಮೇಲೆ ಮಾತ್ರ ನಾನು ಸಮಾನ ಎಂದಾದರೆ, ಸಮಾನವಾದದ್ದು ನನ್ನ ಸಂಬಳವೇ ಹೊರತು ನಾನಲ್ಲ.

2024ರ ಏಪ್ರಿಲ್ 14 ಭಾನುವಾರ ಬಿತ್ತು. ನಮ್ಮ ಕೇರಿಯಲ್ಲಿ ಅದೇ ದೊಡ್ಡ ಹಬ್ಬ. ಸೋಮವಾರ ಕಚೇರಿಗೆ ಬಂದೆ. ಯುಗಾದಿ ಕಳೆದು ಇನ್ನೂ ವಾರವಾಗಿರಲಿಲ್ಲ, ಹೋಳಿಗೆಯ ಮಾತು ನಡೆದೇ ಇತ್ತು. 'ಹಬ್ಬ ಹೆಂಗಾಯ್ತು' ಅಂತ ನನ್ನನ್ನು ಒಬ್ಬರೂ ಕೇಳಲಿಲ್ಲ. ಬೇಕೆಂದೇ ಕೇಳಲಿಲ್ಲ ಅಂತಲ್ಲ, ಅದು ಹಬ್ಬ ಅಂತಲೇ ಅವರಿಗೆ ಹೊಳೆದಿರಲಿಲ್ಲ. ಅವ್ವ ಒತ್ತಿದ ಶಾವಿಗೆ, ಕಾಯಿಹಾಲು ತಂದಿದ್ದೆ. ಮೇಜಿನ ಮಧ್ಯೆ ಇಟ್ಟು ಮುಚ್ಚಳ ತೆಗೆದು, 'ನಿನ್ನೆ ನಮ್ಮ ಹಬ್ಬ, ಅವ್ವ ಮಾಡಿದ್ದು' ಅಂದೆ. ಡ್ರೈವರ್ ಹಾಕಿಕೊಂಡರು. ಹೊಸದಾಗಿ ಬಂದ ಟೈಪಿಸ್ಟ್ ಹುಡುಗಿ ಎರಡು ಸಲ ಹಾಕಿಕೊಂಡಳು. ಮೇಡಂ 'ಇವತ್ತು ಸೋಮವಾರ ಕಣಪ್ಪ, ಒಪ್ಪತ್ತು' ಅಂದರು. ಅದಕ್ಕೆ ಮುಂಚಿನ ಒಂದು ಸೋಮವಾರ ಅದೇ ಮೇಜಿನಲ್ಲಿ ಬೇಕರಿಯ ದಿಲ್‌ಪಸಂದ್ ತಿಂದಿದ್ದರು. ನಾನು ನೆನಪಿಸಲಿಲ್ಲ, ಆಕೆಗೇ ನೆನಪಾಯಿತು ಅಂತ ಕಾಣುತ್ತದೆ. ಮುಖ ಕೆಂಪಾಯಿತು.

ಇದೆಲ್ಲಾ ಸಣ್ಣ ವಿಷಯ, ಭೂಮಿಯ ಪ್ರಶ್ನೆ, ಕೂಲಿಯ ಪ್ರಶ್ನೆ ಬಿಟ್ಟು ಶಾವಿಗೆಯ ಲೆಕ್ಕ ಯಾಕೆ ಎಂದು ಕೇಳುವವರಿದ್ದಾರೆ. ಬಾಬಾಸಾಹೇಬರೇ 1936ರ 'ಜಾತಿ ವಿನಾಶ'ದಲ್ಲಿ ಸಹಭೋಜನದಿಂದ ಜಾತಿ ಸಾಯುವುದಿಲ್ಲ, ರಕ್ತ ಬೆರೆಯಬೇಕು ಎಂದಿದ್ದಾರೆ. ಆ ಮಾತಿನ ಮುಂದೆ ನನ್ನದೇನೂ ವಾದವಿಲ್ಲ. ಆದರೆ ಊಟ ಅಷ್ಟು ಸಣ್ಣದಾಗಿದ್ದರೆ ಮೇಲಿನವರು ಅದಕ್ಕೆ ಅಷ್ಟು ಹೆದರುವುದೇಕೆ? ಬರೋಡಾದ ಅದೇ 1917ರಲ್ಲಿ ಕೇರಳದ ಚೆರಾಯಿಯಲ್ಲಿ ಇನ್ನೂ ಮೂವತ್ತು ತುಂಬದ ಸಹೋದರನ್ ಅಯ್ಯಪ್ಪನ್ ಎಂಬ ಈಳವ ಯುವಕ ಪುಲಯರ ಜೊತೆ ಕೂತು ಉಣ್ಣುವ ಮಿಶ್ರಭೋಜನ ನಡೆಸಿದ. ಸ್ವಂತ ಜಾತಿಯವರೇ 'ಪುಲಯನ್ ಅಯ್ಯಪ್ಪನ್' ಎಂದು ಹಂಗಿಸಿದರು. ಆತ ಆ ಹೆಸರನ್ನು ಬಿರುದಿನಂತೆ ಇಟ್ಟುಕೊಂಡ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಮಠಾಧೀಶರು ಬೀದಿಗಿಳಿಯುವ ಮಾತಾಡಿದರು. 2024ರ ಡಿಸೆಂಬರಿನ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಹೊರಟ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿದರು. ಬಾಡೂಟಕ್ಕೆ ಹೆಸರಾದ ನೆಲದಲ್ಲಿ! ಜನ ಕೆರಳಿದ್ದು ಬರೀ ನಾಲಿಗೆ ಚಪಲಕ್ಕೆ ಎಂದು ನಕ್ಕವರು, ಆ ಪಟ್ಟಿಯಲ್ಲಿ ಅವರವ್ವನ ಅಡುಗೆ ಇದ್ದಿದ್ದರೆ ಹೇಗೆ ನಗುತ್ತಿದ್ದರೋ ನೋಡಬೇಕಿತ್ತು.

ನಮ್ಮೊಳಗೂ ಇದೇನು ಬಗೆಹರಿದಿಲ್ಲ. ಎಡಗೈ ಬಲಗೈ ಅಂತ ನಾವೂ ಒಬ್ಬರ ಮನೆಯಲ್ಲೊಬ್ಬರು ತಟ್ಟೆ ಹಿಡಿಯುವುದಿಲ್ಲ. 'ನಮ್ಮನೆ ಹೋಳಿಗೆ' ಎಂದು ಕಚೇರಿಯಲ್ಲಿ ಮೀಸೆ ತಿರುವುವ ಗಂಡಸು ಯಾವ ಜಾತಿಯವನಾದರೂ ಒಂದು ಹೋಳಿಗೆ ತಟ್ಟಿದವನಲ್ಲ.

ಕೊಡುವವನು, ತಗೊಳ್ಳುವವನು ಇಬ್ಬರೂ ಇಲ್ಲದ ಹಂಚಿಕೆ ಸಾಧ್ಯವೆ? ನನಗೆ ಗೊತ್ತಿರುವುದು ಒಂದೇ. ಯುಗಾದಿಯ ಮಾರನೇ ದಿನ ವರ್ಷತೊಡಕು. ನಮ್ಮ ಸೀಮೆಯಲ್ಲಿ ಗುಡ್ಡೆ ಮಾಂಸ ಹಾಕುತ್ತಾರೆ. ತಿಂಗಳಾನುಗಟ್ಟಲೆ ಚೀಟಿ ಕಟ್ಟಿ, ಕುರಿ ತಂದು, ಕುಯ್ದು, ಎಲೆ ಹಾಸಿ ಅದರ ಮೇಲೆ ಪಾಲು ಹಾಕುವುದು. ಈಲಿ ಒಂದು ಚೂರು, ಮೂಳೆ ಒಂದು, ಬೋಟಿ ಒಂದು ಹಿಡಿ, ಎಲ್ಲಾ ಗುಡ್ಡೆಗೂ ಎಲ್ಲಾ ಬರಬೇಕು. ಒಂದು ಚೂರು ಹೆಚ್ಚಾದರೆ ತೆಗೆದು ಇನ್ನೊಂದಕ್ಕೆ ಹಾಕುತ್ತಾರೆ. ಪಾಲು ಹಾಕಿದವನು ಕಡೆಗೆ ತಗೊಳ್ಳಬೇಕು ಎಂಬುದು ನಮ್ಮ ಕೇರಿಯ ಕಟ್ಟು, ಹಾಗಾಗಿ ಅವನ ಕೈ ಮೋಸ ಮಾಡುವುದಿಲ್ಲ. ಯಾರೂ ಯಾರಿಗೂ ಋಣಿಯಲ್ಲ. ಇದನ್ನು ನಾನು ಸ್ವರ್ಗ ಅಂತ ತೋರಿಸುತ್ತಿಲ್ಲ. ಊರ ಗೌಡರೂ ಗುಡ್ಡೆ ಹಾಕುತ್ತಾರೆ, ಅವರ ಗುಡ್ಡೆ ಊರೊಳಗೆ, ನಮ್ಮ ಗುಡ್ಡೆ ಕೇರಿಯೊಳಗೆ.

ಮೇಷ್ಟ್ರಾಗಿರುವ ಗೆಳೆಯರಿಗೆ ಒಂದು ಮಾತು. 'ನಾನು ಆಚರಿಸಿದ ಹಬ್ಬ' ಎಂಬ ಪ್ರಬಂಧವನ್ನು ನೀವು ಪ್ರತಿವರ್ಷ ಬರೆಸುತ್ತೀರಿ. ಎಲ್ಲಾ ಮಕ್ಕಳೂ ಬೇವು ಬೆಲ್ಲ, ಎಣ್ಣೆ ಸ್ನಾನ, ಹೊಸ ಬಟ್ಟೆ, ಹೋಳಿಗೆ ಎಂದು ಗೈಡಿನಲ್ಲಿದ್ದುದನ್ನೇ ಬರೆಯುತ್ತವೆ. ಹೊಸ ಬಟ್ಟೆ ಕಾಣದ ಮಗುವೂ ಬರೆಯುತ್ತದೆ. ಹೀಗೆ ಬರೆದು ಬರೆದೇ ನಾವು ಕಚೇರಿಯಲ್ಲಿ ಸುಮ್ಮನಿರುವುದನ್ನು ಕಲಿತದ್ದು. ನನ್ನ ಗೆಳೆಯನ ಶಾಲೆಯಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಹೋದ ಸಲ ಗುಡ್ಡೆ ಮಾಂಸದ ಮೇಲೆ ಎರಡು ಪುಟ ಬರೆದಳಂತೆ. ಅಪ್ಪ ಚೀಟಿ ಕಟ್ಟಿದ್ದು, ತನ್ನ ತಮ್ಮ ಮೂಳೆಗಾಗಿ ಅತ್ತಿದ್ದು, ಎಲ್ಲಾ. ಅವನು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದ. ನಾಲ್ಕೈದು ಹುಡುಗರು ಎದ್ದು ನಿಂತು, 'ಸಾರ್, ನಮ್ ಬುಕ್ ವಾಪಸ್ ಕೊಡಿ, ಇನ್ನೂ ಬರೆಯೋದೈತೆ' ಅಂದರಂತೆ. ಹೆಡ್‌ಮಾಸ್ಟರು ಮಾತ್ರ ಆ ಹುಡುಗಿಯ ಪುಸ್ತಕಕ್ಕೆ ಇನ್ನೂ ಸಹಿ ಹಾಕಿಲ್ಲ.