ಅಳತೆಗೋಲನ್ನೂ ಅಳೆಯೋಣ

ಬೆಳಗ್ಗೆ ಮನೆಯ ಅಂಗಳದಿಂದ ಆಗಷ್ಟೇ ಹೊರಟ ಸ್ಕೂಟರಿನ ಚಕ್ರದಲ್ಲಿ ಗಾಳಿ ಎಷ್ಟಿದೆ ಎಂದು ನೋಡಿ. ಅದೇ ಸ್ಕೂಟರ್ ಸುರತ್ಕಲ್ಲಿನವರೆಗೆ ಬಿಸಿಲಲ್ಲಿ ಓಡಿದ ಮೇಲೆ ಮತ್ತೊಮ್ಮೆ ನೋಡಿ. ಎರಡನೇ ಸಲ ಗೇಜಿನ ಮುಳ್ಳು ತುಸು ಮೇಲೆ ನಿಲ್ಲುತ್ತದೆ. ನಡುವೆ ಯಾರೂ ಗಾಳಿ ತುಂಬಿರುವುದಿಲ್ಲ. ಬಿಸಿಗೆ ಒತ್ತಡ ಏರುವುದು, ತಣಿದಾಗ ಇಳಿಯುವುದು ಗಾಳಿಯ ಸ್ವಭಾವ.

ಇಷ್ಟು ಸಣ್ಣ ಸಂಗತಿ 2015ರಲ್ಲಿ ಅಮೆರಿಕದಲ್ಲಿ ದೊಡ್ಡ ವ್ಯಾಜ್ಯವಾಯಿತು. ಜನವರಿಯ ಚಳಿಯಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದರ ಮಧ್ಯಂತರದಲ್ಲಿ ಪೇಟ್ರಿಯಟ್ಸ್ ತಂಡದ ಚೆಂಡುಗಳ ಒತ್ತಡ ನಿಯಮದ ಕನಿಷ್ಠ ಮಿತಿಯಾದ 12.5 ಪಿಎಸ್‌ಐಗಿಂತ ಕಡಿಮೆ ಕಂಡಿತು. ಬೇಕೆಂದೇ ಗಾಳಿ ತೆಗೆದರೆಂಬ ಆರೋಪ ಬಂತು. ಆ ತಂಡದ ಆಟಗಾರ ಟಾಮ್ ಬ್ರಾಡಿಗೆ ನಾಲ್ಕು ಪಂದ್ಯಗಳ ನಿಷೇಧವೂ ಆಯಿತು. ಆದರೆ ಪಂದ್ಯಕ್ಕೆ ಮುಂಚಿನ ಅಳತೆಯನ್ನು ಯಾರೂ ಬರೆದಿಟ್ಟಿರಲಿಲ್ಲ. ಅಳೆದ ಗೇಜುಗಳು ಎರಡು, ಅವೆರಡೂ ಒಂದೇ ಲೆಕ್ಕ ಹೇಳಲಿಲ್ಲ. ಎದುರಾಳಿ ತಂಡದ ನಾಲ್ಕು ಚೆಂಡುಗಳನ್ನಷ್ಟೇ ಅಳೆಯಲು ಸಮಯ ಸಿಕ್ಕಿತು. ಒಂದು ಗೇಜಿನ ಪ್ರಕಾರ ಅವುಗಳಲ್ಲಿ ಮೂರು ಮಿತಿಗಿಂತ ಕೆಳಗೆ, ಇನ್ನೊಂದರ ಪ್ರಕಾರ ನಾಲ್ಕೂ ಸರಿ! ಹೀಗಿರುವಾಗ ಒತ್ತಡ ಇಳಿಸಿದ್ದು ಕೈಯೋ, ಚಳಿಯೋ ಎಂದು ಖಚಿತವಾಗಿ ಹೇಳುವುದು ಹೇಗೆ?

ದೂಷಣೆಯಂತೆ ಪ್ರಶಂಸೆಗೂ ಅಳತೆಯ ಎಚ್ಚರ ಬೇಕು. 2020ರ ಫೆಬ್ರವರಿಯಲ್ಲಿ ನಮ್ಮ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಓಟದ ಗದ್ದೆಯನ್ನು) 13.62 ಸೆಕೆಂಡುಗಳಲ್ಲಿ ಓಡಿದರು. ತ್ರೈರಾಶಿ ಹಾಕಿದವರು ನೂರು ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟ್‌ನ ದಾಖಲೆ 9.58. ದೇಶವೆಲ್ಲ ಹೋಲಿಕೆಗೆ ಇಳಿಯಿತು. ಆದರೆ ಕೋಣಗಳ ಎಳೆತ ಬೋಲ್ಟ್‌ನಿಗೆ ಇರಲಿಲ್ಲ, ಕೆಸರು ಗದ್ದೆಯೂ ಇರಲಿಲ್ಲ. ನಿಂತಲ್ಲಿಂದ ವೇಗ ಹಿಡಿಯಲು ತಗಲುವ ಕ್ಷಣಗಳು ಉದ್ದದ ಓಟದಲ್ಲಿ ಹಂಚಿಹೋಗುತ್ತವೆ, ಆದ್ದರಿಂದ ಭಾಗಾಕಾರ ಇಲ್ಲಿ ನ್ಯಾಯ ಹೇಳದು. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ಸ್ವತಃ ಗೌಡರೇ ಹೇಳಿದರು. ಆ ವಿವೇಕ ಅವರ ವೇಗಕ್ಕಿಂತ ಕಡಿಮೆಯದ್ದಲ್ಲ.

ಅಂಕಿ ಎದುರಿಗೆ ಬಂದೊಡನೆ ವಿವಾದ ಮುಗಿಯಿತೆಂದು ನಾವು ತಿಳಿಯುತ್ತೇವೆ. ಯಾವುದರಿಂದ ಅಳೆದರು, ಯಾವಾಗ ಅಳೆದರು, ಬರೆದಿಟ್ಟರೇ ಎಂದು ಕೇಳುವುದು ಅಪನಂಬಿಕೆಯಲ್ಲ, ನ್ಯಾಯದ ಮೊದಲ ಮೆಟ್ಟಿಲು. ಮನೆಬಾಗಿಲಿಗೆ ಮೀನು ತರುವಾಕೆ ತೂಕದಲ್ಲಿ ಮೋಸ ಮಾಡಿದಳು ಎನ್ನುವ ಮೊದಲು ನಮ್ಮ ಅಡುಗೆಮನೆಯ ತಕ್ಕಡಿ ಸರಿಯಿದೆಯೇ ಎಂದು ನೋಡೋಣ. ಒಬ್ಬರ ಮರ್ಯಾದೆ ಒಂದು ಅಂಕಿಯ ಮೇಲೆ ನಿಂತಿರುವಾಗ ಎರಡನೇ ಸಲ ಅಳೆಯುವುದು ನಮ್ಮ ಕರ್ತವ್ಯ.