ಹತ್ತು ಗೆರೆಗಳ ಹಾಳೆ

ಟೀಚರು ಕರಿಹಲಗೆಯ ಮೇಲೆ ಒಂದರಿಂದ ಹತ್ತರವರೆಗೆ ಅಂಕಿ ಹಾಕಿ, ಒಂದೊಂದರ ಮುಂದೆಯೂ ಸ್ಕೇಲು ಹಿಡಿದು ಗೆರೆ ಎಳೆದರು. ಹತ್ತೂ ಖಾಲಿ. ಪರೀಕ್ಷೆ ಮುಗಿದ ಮೇಲೆ ಮೊಬೈಲಿನಲ್ಲಿ ತುಂಬಬೇಕಾದದ್ದನ್ನು ಇವತ್ತು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ತುಂಬಿ ನೋಡಿ ಎಂದು ಮರಾಠಿಯಲ್ಲಿ ಹೇಳಿದರು. ನಲವತ್ತು ಚಿಲ್ಲರೆ ತಲೆಗಳು ಒಟ್ಟಿಗೆ ಬಗ್ಗಿದವು. ಎರಡು ನಿಮಿಷದಲ್ಲಿ ಅರ್ಧಕ್ಕರ್ಧ ತಲೆ ಮತ್ತೆ ಮೇಲೆದ್ದವು, ಪಕ್ಕದವರ ಹಾಳೆ ನೋಡಲು.

ಮಹಾರಾಷ್ಟ್ರದ ಗಡಹಿಂಗ್ಲಜ ಕಡೆಯ ಒಂದು ಕ್ರೈಸ್ತ ಪ್ರೌಢಶಾಲೆ ಅದು. ಅವತ್ತು ಹತ್ತನೆಯವರ ನಿರೋಪ ಸಮಾರಂಭ. ನಾವು ಬೀಳ್ಕೊಡುಗೆ ಅನ್ನುವುದಕ್ಕೆ ಅಲ್ಲಿ ನಿರೋಪ ಅನ್ನುತ್ತಾರೆ. ಮರಾಠಿಯಲ್ಲಿ ಆ ಮಾತಿಗೆ ಬೀಳ್ಕೊಡುವುದು ಅಂತಲೂ ಅರ್ಥ, ಒಬ್ಬರ ಕೈಲಿ ಹೇಳಿಕಳಿಸಿದ ಸುದ್ದಿ ಅಂತಲೂ ಅರ್ಥ. ನಮ್ಮ ಹಳೆಯ ಕನ್ನಡದ ನಿರೂಪ, ಅಂದರೆ ಅಪ್ಪಣೆ, ಇದರದೇ ಬಳಗ. ಹದಿನಾರು ವರ್ಷದವರನ್ನು ಶಾಲೆಯಿಂದ ಕಳಿಸುವ ದಿನ ಈ ಮೂರೂ ಒಟ್ಟಿಗೇ ನಡೆಯುತ್ತವೆ: ಕಳಿಸುತ್ತೇವೆ, ಹೇಳಿಕಳಿಸುತ್ತೇವೆ, ಅಪ್ಪಣೆಯನ್ನೂ ಕೊಡುತ್ತೇವೆ. ನನ್ನನ್ನು ಕರೆದದ್ದು ಎರಡನೆಯ ಕೆಲಸಕ್ಕೆ, ‘ಮುಂದೇನು’ ಎಂಬ ಬಗ್ಗೆ ನಾಲ್ಕು ಮಾತು ಹೇಳಲು.

ಆ ಹತ್ತು ಗೆರೆಯ ಕತೆ ಕರ್ನಾಟಕದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಪಿಯುಸಿ ಅಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿ. ಅದನ್ನೇ ಜೂನಿಯರ್ ಕಾಲೇಜು ಅನ್ನುತ್ತಾರೆ. ಮೊದಲು ಮುಂಬೈ, ಪುಣೆಯಂಥ ದೊಡ್ಡ ಊರುಗಳಲ್ಲಷ್ಟೇ ಇದ್ದ ಆನ್‌ಲೈನ್ ಪ್ರವೇಶ 2025ರಿಂದ ಇಡೀ ಮಹಾರಾಷ್ಟ್ರಕ್ಕೆ ಬಂತು. ಅದಕ್ಕೂ ಮುಂಚೆ ಗಡಹಿಂಗ್ಲಜದ ಹುಡುಗ ಮಾರ್ಕ್ಸ್‌ಕಾರ್ಡಿನ ಝೆರಾಕ್ಸ್ ಹಿಡಿದು ಅಪ್ಪನ ಜೊತೆ ಕಾಲೇಜಿನ ಕಿಟಕಿಯ ಮುಂದೆ ನಿಂತರೆ ಕೆಲಸ ಮುಗಿಯುತ್ತಿತ್ತು. ಈಗ ಒಂದರಿಂದ ಹತ್ತರವರೆಗೆ ಕಾಲೇಜುಗಳನ್ನು ಇಷ್ಟದ ಅನುಕ್ರಮದಲ್ಲಿ ಬರೆಯಬಹುದು. ಅದರಲ್ಲೊಂದು ಕಟ್ಟಳೆ ಇದೆ. ಎರಡನೆಯದೋ ಏಳನೆಯದೋ ಸಿಕ್ಕರೆ ಬೇಡವೆಂದು ಮುಂದಿನ ಸುತ್ತಿಗೆ ಕಾಯಬಹುದು. ಮೊದಲ ಗೆರೆಯ ಕಾಲೇಜೇ ಸಿಕ್ಕರೆ ಸೇರಲೇಬೇಕು. ಸೇರದಿದ್ದರೆ ಮುಂದಿನ ಮಾಮೂಲಿ ಸುತ್ತುಗಳಿಂದ ಹೊರಗೆ.

ಈ ಕಟ್ಟಳೆ ನನಗೆ ಹಿಡಿಸಿತು. ಸರ್ಕಾರಿ ಸುತ್ತೋಲೆಯಲ್ಲಿ ಹಿಡಿಸುವಂಥದ್ದು ಅಪರೂಪಕ್ಕೆ ಸಿಗುತ್ತದೆ. ನಿನಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಇದು ಅಂತ ನೀನೇ ಬರೆದಿದ್ದೀಯಲ್ಲ, ಕೊಟ್ಟಿದ್ದೇವೆ, ಈಗ ಹೋಗು ಅನ್ನುತ್ತದೆ ಅದು.

ನನ್ನ ಚೀಟಿಯಲ್ಲಿ ಬರೆದುಕೊಂಡು ಹೋದದ್ದನ್ನು ಬಿಟ್ಟು ಆ ಮಕ್ಕಳಿಗೆ ರಾಬರ್ಟ್ ವೈಲ್ಡರ್ ಕತೆ ಹೇಳಿದೆ. ಕೊಲ್ಹಾಪುರದ ವೈಲ್ಡರ್ ಮೆಮೋರಿಯಲ್ ಚರ್ಚ್ ಅವರಲ್ಲಿ ಹಲವರು ನೋಡಿದ್ದರು. ಅದು ಯಾರ ಹೆಸರು ಅಂತ ಕೇಳಿದರೆ ಯಾರೂ ಕೈ ಎತ್ತಲಿಲ್ಲ. ಅಮೆರಿಕದ ಮಿಷನರಿ ರಾಯಲ್ ವೈಲ್ಡರ್ ಕೊಲ್ಹಾಪುರಕ್ಕೆ ಬಂದದ್ದು 1852ರಲ್ಲಿ. ಅವರ ಮಗ ರಾಬರ್ಟ್ ಅಲ್ಲೇ 1863ರಲ್ಲಿ ಹುಟ್ಟಿದ. ಬೆಳೆದ ಮೇಲೆ ಓದಿದ್ದು ಪ್ರಿನ್ಸ್‌ಟನ್‌ನಲ್ಲಿ. 1886ರ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್ ಎಂಬಲ್ಲಿ ಇನ್ನೂರೈವತ್ತು ಕಾಲೇಜು ವಿದ್ಯಾರ್ಥಿಗಳ ಒಂದು ಶಿಬಿರ ಸೇರಿತ್ತು. ದೇವರು ದಾರಿ ಬಿಟ್ಟರೆ ತಾನು ಪರದೇಶಕ್ಕೆ ಮಿಷನರಿಯಾಗಿ ಹೋಗಲು ಸಿದ್ಧ ಎಂಬ ಅರ್ಥದ ಒಂದೇ ಸಾಲಿಗೆ ಅಲ್ಲಿ ನೂರು ಮಂದಿ ಸಹಿ ಹಾಕಿದರು. ಆ ಕಿಡಿಗೆ ಗಾಳಿ ಹಾಕಿದವನು ಕೊಲ್ಹಾಪುರದಲ್ಲಿ ಹುಟ್ಟಿದ ಈ ಹುಡುಗ. ಮರುವರ್ಷ ಗೆಳೆಯ ಜಾನ್ ಫೋರ್ಮನ್ ಜೊತೆ ಕಾಲೇಜಿನಿಂದ ಕಾಲೇಜಿಗೆ ತಿರುಗಿ ಎರಡು ಸಾವಿರಕ್ಕೂ ಹೆಚ್ಚು ಸಹಿ ಕೂಡಿಸಿದ. ಹತ್ತು ಗೆರೆ ಇಲ್ಲ, ಎರಡನೆಯ ಆಯ್ಕೆ ಇಲ್ಲ, ಒಂದೇ ಸಾಲು.

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತು ಕನ್ನಡದಲ್ಲೇ ಕೇಳಿದಳು: “ಸಹಿ ಮಾಡಿದವ್ರು ಎಲ್ಲಾರೂ ಹೋದ್ರೇನ್ರಿ ಸರ?”

ಎಲ್ಲರೂ ಹೋಗಲಿಲ್ಲ. ಹಡಗು ಹತ್ತಿದವರಿಗಿಂತ ಹತ್ತದವರದೇ ದೊಡ್ಡ ಲೆಕ್ಕ. ಸಹಿ ಕೂಡಿಸುತ್ತಿದ್ದ ಆ ಚಳವಳಿಯವರೇ 1892ರಲ್ಲಿ ಆ ಸಾಲಿನ ಮಾತನ್ನು ಬದಲಿಸಿದರು. ಮೊದಲು ಇದ್ದದ್ದು ಮನಸ್ಸಿದೆ, ಬಯಕೆಯಿದೆ ಎಂಬ ಧಾಟಿ. ಆಮೇಲೆ ಅದು ಇದೇ ನನ್ನ ಉದ್ದೇಶ ಎಂಬ ಧಾಟಿಗೆ ಬಂತು. ಇಷ್ಟು ಹೇಳುವಾಗ ಅದೇ ಹುಡುಗಿ ಕೂತಲ್ಲಿಂದ ಹಲಗೆಯ ಮೇಲಿನ ಒಂದನೆಯ ಗೆರೆ ನೋಡುತ್ತಿದ್ದಳು.

ಇಪ್ಪತ್ತರ ಹುಮ್ಮಸ್ಸಿನಲ್ಲಿ ಗೆಳೆಯರ ನಡುವೆ ಕೂತು ಬದುಕಿಡೀ ಒಂದು ಸಾಲಿಗೆ ಬರೆದುಕೊಡುವುದರ ಮೇಲೆ ನನಗೇನೂ ಅಂಥ ಭಕ್ತಿ ಇಲ್ಲ. ಆದರೆ ಹತ್ತು ಗೆರೆ ಕೊಟ್ಟು ತುಂಬು ಅಂದಾಗ ಮಕ್ಕಳು ಏನು ಮಾಡುತ್ತಾರೆ ಅನ್ನುವುದನ್ನೂ ಅವತ್ತು ಕಂಡೆ. ಹತ್ತೂ ತುಂಬಿದವರ ಹಾಳೆಯಲ್ಲಿ ಬೇಕಾದದ್ದು ಯಾವುದು ಅಂತ ಹುಡುಕಿದರೂ ಸಿಗುತ್ತಿರಲಿಲ್ಲ. ಕೊಲ್ಹಾಪುರದ ಒಂದು ಕಾಲೇಜಿನ ಸೈನ್ಸ್, ಇನ್ನೊಂದರ ಸೈನ್ಸ್, ಮತ್ತೊಂದರ ಸೈನ್ಸ್. ಕೊನೆಗೆ ಗೆರೆ ಉಳಿಯಿತಲ್ಲ ಅಂತ ಸಾಂಗಲಿಯದೊಂದು.

ಹಾಗೆ ಹತ್ತೂ ತುಂಬಿದವರಲ್ಲಿ ಇಚಲಕರಂಜಿಯ ಒಬ್ಬ ಹುಡುಗನಿದ್ದ, ಬೋರ್ಡಿಂಗಿನಲ್ಲಿ ಇರುವವನು. (ಬೋರ್ಡಿಂಗ್ ಎಂಬ ಮಾತು ಆ ಸೀಮೆಯಲ್ಲಿ ಎಷ್ಟು ಮನೆಮಾತು ಅಂದರೆ ಅದು ಇಂಗ್ಲಿಷಿನದು ಅಂತಲೇ ಅನ್ನಿಸುವುದಿಲ್ಲ. ಶಾಹೂ ಮಹಾರಾಜರು 1901ರಿಂದ ಕೊಲ್ಹಾಪುರದಲ್ಲಿ ಮರಾಠರಿಗೆ, ಜೈನರಿಗೆ, ಮುಸಲ್ಮಾನರಿಗೆ, ಲಿಂಗಾಯತರಿಗೆ, ದಲಿತರಿಗೆ, ಕ್ರೈಸ್ತರಿಗೆ ಅಂತ ಸಾಲುಸಾಲಾಗಿ ವಿದ್ಯಾರ್ಥಿನಿಲಯ ಎಬ್ಬಿಸಿದ ಪುಣ್ಯ ಅದು. ಗಡಿಯ ಎಷ್ಟೋ ಕನ್ನಡದ ಮನೆಗಳಲ್ಲಿ ಮೊದಲು ಇಂಗ್ಲಿಷ್ ಓದಿದ ಅಜ್ಜ ಅಲ್ಲಿಯ ಯಾವುದೋ ಬೋರ್ಡಿಂಗಿನಲ್ಲಿ ಉಂಡವನೇ.) ನಾನು ಮಾತಾಡುವ ಮುಂಚೆ ವೇದಿಕೆಯ ಹಿಂದಿನ ಬ್ಯಾನರಿನ ದಾರ ಫ್ಯಾನಿನ ಗಾಳಿಗೆ ಹರಿದು, ನಿರೋಪ ಎಂಬ ಅಕ್ಷರಗಳು ಒಂದು ಕಡೆ ಜೋತುಬಿದ್ದಿದ್ದವು. ಇವನು ಕುರ್ಚಿ ಹತ್ತಿದ. ಹರಿದ ಎರಡು ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಂದರ ಮೇಲೊಂದು ಇಟ್ಟ, ಉಗುರಿನ ಸುತ್ತ ಒಂದು ಸುತ್ತು, ಒಂದು ತಳ್ಳು, ಒಂದು ಎಳೆತ. ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಬಿದ್ದಿತ್ತು, ಎಷ್ಟು ಸಣ್ಣದು ಅಂದರೆ ಬೆರಳಾಡಿಸಿದರೂ ತಿಳಿಯದಷ್ಟು.

ಎಲ್ಲಿ ಕಲಿತೆ ಅಂದೆ. “ಅಪ್ಪಾಂದು ಮಾಗದ ಕೆಲಸ ರೀ. ಸೂತ ಹರದ್ರ ಮಾಗ ನಿಲ್ಲಸಬೇಕು. ಮಾಗ ನಿಂತ ಹೊತ್ತಿಗೆ ಪಗಾರ ಇಲ್ಲ. ಲಗೂನ ಗಂಟ ಹಾಕಾಕ ಬರಬೇಕು.”

ಇಚಲಕರಂಜಿಯಲ್ಲಿ ಮಗ್ಗದವರ ಕೂಲಿ ಗಂಟೆಯ ಲೆಕ್ಕದ್ದಲ್ಲ, ಪಿಕ್ಕಿನ ಲೆಕ್ಕದ್ದು, ಅಂದರೆ ಹೊಕ್ಕಿನ ಎಳೆಯ ಲೆಕ್ಕ. ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಪವರ್‌ಲೂಮ್ ಹಾಕಿದ್ದು 1904ರಲ್ಲಿ. ಅಂದಿನಿಂದ ಆ ಊರು ಆ ಸದ್ದಿನಲ್ಲೇ ಏಳುತ್ತದೆ, ಆ ಸದ್ದಿನಲ್ಲೇ ಮಲಗುತ್ತದೆ. ಅದೇ ಊರಿನಲ್ಲಿ, ಹಳೆಯ ಸಂಸ್ಥಾನಿಕರ ಅರಮನೆಯಲ್ಲಿ, ಡಿಕೆಟಿಇ ಸಂಸ್ಥೆ 1982ರಿಂದ ಜವಳಿ ಎಂಜಿನಿಯರಿಂಗ್ ಕಲಿಸುತ್ತದೆ. ಇವನ ಹಾಳೆಯ ಹತ್ತು ಗೆರೆಗಳೂ ಅದರಿಂದ ದೂರದೂರಕ್ಕೆ ಓಡಿದ್ದವು. ಜವಳಿಯದು ಕಲಿಯಬಹುದಲ್ಲ ಅಂದೆ, ದೊಡ್ಡ ಗುಟ್ಟು ಹೇಳಿದವನ ಹಾಗೆ.

“ಅಪ್ಪಾ ಬ್ಯಾಡ ಅಂತಾನ್ರಿ. ಮಾಗದಿಂದ ಹೊರಗ ಬರ್ಲಿ ಅಂತ ಸಾಲಿಗೆ ಹಾಕೇನಿ, ತಿರುಗಿ ಮಾಗಕ್ಕ ಹೋಗ್ಲಿ ಅಂತ ಅಲ್ಲ ಅಂತಾನ.”

ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಎಂಜಿನಿಯರ್ ಬೇರೆ, ಮಗ್ಗ ನಡೆಸುವವನು ಬೇರೆ, ಕುಲಕಸುಬಿನ ಜ್ಞಾನ ಅದು ಇದು. ಮೂವತ್ತು ವರ್ಷ ರಾತ್ರಿಪಾಳಿ ಮಾಡಿ ಕಿವಿ ಮಂದವಾದ ಒಬ್ಬ ಅಪ್ಪನ ಮಾತಿನ ಎದುರು ಅದನ್ನು ಆಡಲು ನಾಲಿಗೆ ಏಳಲಿಲ್ಲ. ಬದಲಿಗೆ ಇಚಲಕರಂಜಿಗೆ ಹತ್ತಿರದ ಕುಂಭೋಜದ ಕರ್ಮವೀರ ಭಾವುರಾವ್ ಪಾಟೀಲರ ವಿಷಯ ತೆಗೆದೆ. ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದ ಹುಡುಗ. ದಲಿತ ಮಕ್ಕಳ ವಿದ್ಯಾರ್ಥಿನಿಲಯದ ಸಮಾರಂಭಕ್ಕೆ ಹೋಗಿ ಬಂದು, ಮೈಲಿಗೆ ಕಳೆಯಲು ಸ್ನಾನ ಮಾಡು ಅಂದರೆ ಒಲ್ಲೆ ಅಂದು ಬೋರ್ಡಿಂಗ್ ಬಿಟ್ಟವನು. ಮೆಟ್ರಿಕ್ ದಾಟಲಿಲ್ಲ. ಓಗಲೆ ಗಾಜಿನ ಸಾಮಾನು ಮಾರಿದರು, ಕಿರ್ಲೋಸ್ಕರ್ ನೇಗಿಲು ಮಾರಿದರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ಇವತ್ತು ಆ ಸಂಸ್ಥೆಯ ಶಾಲೆ ಕಾಲೇಜುಗಳು ನೂರಾರು. ಹುಡುಗ ವಿನಯದಿಂದ ತಲೆಯಾಡಿಸಿದ. ಕರ್ಮವೀರರ ಪಾಠ ಅವನಿಗೆ ಆಗಲೇ ಆಗಿರಬೇಕು, ಪರೀಕ್ಷೆಗೆ.

ಅವಲಕ್ಕಿ, ಚಹಾ ಆಯಿತು. ಸಿಸ್ಟರ್ ಪ್ರಾರ್ಥನೆ ಹೇಳಿ, ದೇವರು ನಿಮ್ಮನ್ನು ಯಾವುದಕ್ಕೆ ಕರೆಯುತ್ತಾನೋ ಕಿವಿಗೊಡಿ ಅಂದರು. ಹುಡುಗಿಯರಲ್ಲಿ ಇಬ್ಬರು ಆ ಕರೆಯನ್ನು ಆಗಲೇ ಕೇಳಿಸಿಕೊಂಡಿದ್ದರು. ಅದು ಮಿರಜದಿಂದ ಬಂದಿತ್ತು. ವಾನ್‌ಲೆಸ್ ಡಾಕ್ಟರು 1894ರಲ್ಲಿ ತೆರೆದ ಆಸ್ಪತ್ರೆ ಇರುವ ಊರು, ನಮ್ಮ ಬೆಳಗಾವಿ, ವಿಜಯಪುರದ ಕಡೆಯವರೂ ಕಾಯಿಲೆ ಬಿದ್ದರೆ ರೈಲು ಹತ್ತುವ ಊರು. ಒಬ್ಬಳ ಅವ್ವ, ಇನ್ನೊಬ್ಬಳ ಚಿಕ್ಕಮ್ಮ ಅಲ್ಲಿ ನರ್ಸು. ಅವರಿಬ್ಬರ ಹಾಳೆ ಎಲ್ಲರಿಗಿಂತ ಬೇಗ ತುಂಬಿತ್ತು.

ವೈಲ್ಡರ್ ಬಗ್ಗೆ ಪ್ರಶ್ನೆ ಕೇಳಿದವಳು ಕೈತೊಳೆಯುವ ನಲ್ಲಿಯ ಹತ್ತಿರ ಸಿಕ್ಕಳು. ಹಿರಣ್ಯಕೇಶಿ ದಂಡೆಯ ಹಳ್ಳಿಯವಳು. ನಾಲ್ಕನೆಯವರೆಗೆ ಗಡಿಯಾಚೆ ಅಜ್ಜಿಯ ಊರಿನಲ್ಲಿ ಕನ್ನಡ ಶಾಲೆ, ಆಮೇಲೆ ಇಲ್ಲಿ.

“ಸರ, ಒಂದನೇದ ಒಂದ ತುಂಬಿ ಉಳದದ್ದು ಬಿಟ್ರ ನಡೀತೈತೇನ್ರಿ?”

ನಡೆಯುತ್ತದೆ, ಆದರೆ ಅದು ಸಿಗದಿದ್ದರೆ ಆ ಸುತ್ತಿನಲ್ಲಿ ಬರಿಗೈ ಅಂದೆ. ಒಂದನೆಯದು ಗಡಹಿಂಗ್ಲಜದ ಕಾಲೇಜು ಅಂದಳು. ಬೇರೆ ಯಾಕೆ ಬೇಡ? ಅವಳು ಲೆಕ್ಕ ಹೇಳಿದಳು. ಹಳ್ಳಿಯ ಹುಡುಗಿಯರಿಗೆ ಹನ್ನೆರಡನೆಯವರೆಗೆ ಎಸ್‌ಟಿ ಬಸ್ಸಿನ ಪಾಸು ಪುಕ್ಕಟೆ, ಅಹಿಲ್ಯಾಬಾಯಿ ಹೋಳ್ಕರ್ ಹೆಸರಿನ ಯೋಜನೆಯದು. ಊರಿಗೆ ಬೆಳಗ್ಗೆ ಬರುವ ಕೆಂಪು ಬಸ್ಸು ಹೋಗುವುದು ಗಡಹಿಂಗ್ಲಜಕ್ಕೆ. ಕೊಲ್ಹಾಪುರ ಅಂದರೆ ಹಾಸ್ಟೆಲು. ಹಾಸ್ಟೆಲಿಗೆ ಮನೆಯಲ್ಲಿ ಒಪ್ಪುವುದಿಲ್ಲ. ಎಷ್ಟು ಪರ್ಸೆಂಟಿಗೆ ಯಾವ ಕಾಲೇಜು ಅನ್ನುವ ಪಟ್ಟಿ ಹಿಡಿದು ಹೋಗಿದ್ದ ನನಗೆ, ಬಸ್ಸಿನ ವೇಳೆಯಿಂದ ಭವಿಷ್ಯ ಶುರು ಮಾಡುವ ಈ ಲೆಕ್ಕ ಹೆಚ್ಚು ಗಟ್ಟಿ ಅನ್ನಿಸಿತು. ಮತ್ತೇನೋ ಹೇಳಲು ಬಾಯಿ ತೆರೆದಳು, ಗೆಳತಿಯರು ಫೋಟೋಕ್ಕೆ ಎಳೆದುಕೊಂಡು ಹೋದರು.

ಸಂಜೆ ಸ್ಟಾಫ್ ರೂಮಿನಲ್ಲಿ ಟೀಚರು ಹಾಳೆಗಳನ್ನು ಒಂದೊಂದಾಗಿ ನೋಡುತ್ತಿದ್ದರು, ಕೆಂಪು ಪೆನ್ನಿನಲ್ಲಿ ಸಣ್ಣ ಗುರುತು ಹಾಕುತ್ತ. ಒಂದರ ಹತ್ತಿರ ನಿಂತು ನನ್ನ ಕಡೆ ಚಾಚಿದರು. ಮೊದಲ ಗೆರೆಯ ಮೇಲೆ ಗಡಹಿಂಗ್ಲಜದ ಕಾಲೇಜು, ಮರಾಠಿಯಲ್ಲಿ. ಎರಡರಿಂದ ಹತ್ತು ಖಾಲಿ. ಹತ್ತರ ಕೆಳಗೆ, ಸ್ಕೇಲಿಲ್ಲದೆ ಕೈಯಲ್ಲೇ ಎಳೆದ ಸೊಟ್ಟ ಗೆರೆ, ಅದರ ಹಿಂದೆ 11 ಅಂತ ಅಂಕಿ, ಮುಂದೆ ದುಂಡಗಿನ ಕನ್ನಡ ಅಕ್ಷರ.

ಏನಿದು ಅಂದರು. ಓದಿ ಹೇಳಿದೆ: ಸಂಕೇಶ್ವರ, ಅಕ್ಕನ ಮನಿ.

ಸಂಕೇಶ್ವರ ಕರ್ನಾಟಕದಲ್ಲಿದೆ, ಆ ಕಾಲೇಜು ಈ ಫಾರ್ಮಿನಲ್ಲಿ ಬರುವುದೇ ಇಲ್ಲ ಅಂದರು ಟೀಚರು. ಹೌದು ಅಂದೆ. ಪೆನ್ನು ಹಾಳೆಯ ಮೇಲೆ ತಂದರು. ಸ್ವಲ್ಪ ಹೊತ್ತು ಹಾಗೇ ಹಿಡಿದು, ಮುಚ್ಚಳ ಹಾಕಿದರು. ಆಮೇಲೆ, ಸಂಕೇಶ್ವರಕ್ಕೆ ಬೆಳಗ್ಗೆ ಮೊದಲ ಬಸ್ಸು ಎಷ್ಟೊತ್ತಿಗೆ ಅಂತ ನನ್ನನ್ನು ಕೇಳಿದರು.