ಎರಡು ಬೆರಳಿನ ಬುದ್ಧಿ

ಹೆಣ್ಣಿಗಿರುವುದು ಎರಡು ಬೆರಳಿನ ಬುದ್ಧಿ ಎಂಬ ಹಳೆಯ ನಾಣ್ನುಡಿ ಬೌದ್ಧ ಭಿಕ್ಷುಣಿಯರ ಪಾಲಿ ಪದ್ಯಸಂಗ್ರಹವಾದ ‘ಥೇರೀಗಾಥಾ’ದಲ್ಲಿ ಪ್ರಲೋಭಕ ಮಾರನ ಬಾಯಿಂದ ಬರುತ್ತದೆ. ಸೋಮಾ ಎಂಬ ಭಿಕ್ಷುಣಿಯ ಧ್ಯಾನ ಕೆಡಿಸಲು ಬಂದವನು ಅವನು. ಋಷಿಗಳು ಕಷ್ಟಪಟ್ಟು ಮುಟ್ಟುವ ನೆಲೆ ಅಷ್ಟು ಬುದ್ಧಿಯವಳಿಗೆ ಎಟುಕದು ಎಂಬುದು ಅವನ ವಾದ.

ಎರಡು ಬೆರಳೇ ಏಕೆ? ಅದರ ಹಳೆಯ ವ್ಯಾಖ್ಯಾನವಾದ ಅಟ್ಠಕಥೆ ವಿವರಿಸುತ್ತದೆ: ಏಳೆಂಟು ವರ್ಷದವಳಿದ್ದಾಗಿನಿಂದ ಅಡುಗೆ ಮಾಡುತ್ತಿದ್ದರೂ ಅನ್ನ ಬೆಂದದ್ದು ಹೆಂಗಸಿಗೆ ತಾನಾಗಿ ತಿಳಿಯದು, ಸೌಟಿನಲ್ಲಿ ಅಗುಳು ತೆಗೆದು ಎರಡು ಬೆರಳಲ್ಲಿ ಹಿಸುಕಿ ನೋಡಲೇಬೇಕು. ನಿಂದೆಯ ಪೊಳ್ಳು ಇಲ್ಲೇ ಬಯಲಾಗುತ್ತದೆ. ಒಂದಗುಳಿನಿಂದ ಇಡೀ ಪಾತ್ರೆಯ ಹದ ತಿಳಿಯುವುದನ್ನೇ ಸಂಸ್ಕೃತ ಪಂಡಿತರು ಸ್ಥಾಲೀಪುಲಾಕ ನ್ಯಾಯವೆಂದು ಕರೆದು ಶಾಸ್ತ್ರಚರ್ಚೆಯಲ್ಲಿ ಬಳಸಿದರು. ಅದೇ ಕೆಲಸ ಪಂಡಿತನ ಬಾಯಲ್ಲಿ ನ್ಯಾಯವಾಯಿತು, ಒಲೆಯ ಮುಂದಿನ ಹೆಣ್ಣಿನ ಕೈಯಲ್ಲಿ ಅಲ್ಪಬುದ್ಧಿಯಾಯಿತು. ಚಿತ್ತ ನೆಲೆಗೊಂಡು ಅರಿವು ಬೆಳೆಯುತ್ತಿರುವಾಗ ಹೆಣ್ಣುತನ ಯಾವ ಅಡ್ಡಿ ಮಾಡೀತು ಎಂದು ಸೋಮಾ ಮಾರನನ್ನೇ ಕೇಳುತ್ತಾಳೆ. ಹೆಣ್ಣಿನ ಬುದ್ಧಿಯನ್ನು ಹೆಣ್ಣೇ ಸಮರ್ಥಿಸಿಕೊಂಡ ಬರಹಗಳಲ್ಲಿ ಇದು ಅತಿ ಹಳೆಯವುಗಳ ಸಾಲಿನದು.

ಈ ವಾದ ಅಡುಗೆಮನೆಯಿಂದಲೇ ಮತ್ತೆ ಎದ್ದದ್ದು ಮೆಕ್ಸಿಕೊದಲ್ಲಿ. ಲೌಕಿಕ ವಿದ್ಯೆ ಬಿಡು ಎಂದು ಪ್ವೆಬ್ಲಾದ ಬಿಷಪ್ ಬುದ್ಧಿ ಹೇಳಿದಾಗ ಸನ್ಯಾಸಿನಿ ಸೋರ್ ಹ್ವಾನಾ ಇನೆಸ್ ದೆ ಲಾ ಕ್ರೂಸ್ 1691ರಲ್ಲಿ ದೀರ್ಘ ಉತ್ತರ ಬರೆದಳು. ಪುಸ್ತಕ ಮುಟ್ಟಬಾರದೆಂದು ಮಠದಲ್ಲಿ ಕೆಲಕಾಲ ಕಟ್ಟಳೆಯಾದಾಗಲೂ ಅವಳು ಕಂಡದ್ದನ್ನೆಲ್ಲ ಓದುತ್ತಲೇ ಇದ್ದಳು: ಮೊಟ್ಟೆ ಬೆಣ್ಣೆಯಲ್ಲಿ ಗಟ್ಟಿಯಾಗುತ್ತದೆ, ಸಕ್ಕರೆಪಾಕದಲ್ಲಿ ಅದೇ ಒಡೆಯುತ್ತದೆ, ಏಕೆ? ಅರಿಸ್ಟಾಟಲ್ ಅಡುಗೆ ಮಾಡಿದ್ದರೆ ಇನ್ನೂ ಹೆಚ್ಚು ಬರೆಯುತ್ತಿದ್ದನೆಂಬುದು ಅವಳ ಅಭಿಪ್ರಾಯ. ಮಾರನಿಗೆ ಇದಕ್ಕಿಂತ ತಕ್ಕ ಉತ್ತರವಿಲ್ಲ.

ಸುಮಾರು ಅದೇ ಕಾಲದಲ್ಲಿ, ಚಿಕ್ಕದೇವರಾಜ ಒಡೆಯರ ಮೈಸೂರಿನ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಅದು ಪತಿವ್ರತೆಯ ನಡತೆಯನ್ನು ಬೋಧಿಸುವ ಕಾವ್ಯ, ನಿಜ. ಆದರೂ ಹೆತ್ತು ಸಾಕಿದವಳು ಹೆಣ್ಣೇ ಆಗಿರುವಾಗ ಹೆಣ್ಣನ್ನು ಹಳಿಯುವುದೇಕೆ ಎಂದು ನಡುವೆ ನೇರವಾಗಿ ಕೇಳುತ್ತದೆ. ಊಳಿಗದವಳೊಬ್ಬಳು ಅಷ್ಟನ್ನು ಕೇಳಿದ್ದು ದೊಡ್ಡದು.

ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂಗಾಳದ ರಾಸಸುಂದರಿ ದೇವಿಗೆ ಅಕ್ಷರವೇ ನಿಷಿದ್ಧವಾಗಿತ್ತು. ಓದಿದ ಹೆಣ್ಣು ವಿಧವೆಯಾಗುತ್ತಾಳೆ ಎಂಬ ನಂಬಿಕೆ ಅಲ್ಲಿ ಬಲವಾಗಿತ್ತು. ‘ಚೈತನ್ಯ ಭಾಗವತ’ದ ಒಂದು ಹಾಳೆಯನ್ನೂ ಮಗ ಅಕ್ಷರ ತಿದ್ದುತ್ತಿದ್ದ ತಾಳೆಗರಿಯನ್ನೂ ಅಡುಗೆಮನೆಯಲ್ಲಿ ಬಚ್ಚಿಟ್ಟು, ಒಂದನ್ನು ಇನ್ನೊಂದಕ್ಕೆ ಹೋಲಿಸುತ್ತ ಅವಳು ಗುಟ್ಟಾಗಿ ಓದು ಕಲಿತಳು. 1876ರಲ್ಲಿ ಪ್ರಕಟವಾದ ಅವಳ ‘ಆಮಾರ್ ಜೀಬನ್’ ಬಂಗಾಳಿಯ ಮೊದಲ ಪೂರ್ಣ ಪ್ರಮಾಣದ ಆತ್ಮಕಥೆಯೆಂದು ಗಣನೆಯಾಗಿದೆ.